ಪರದೇಶದ ತುತ್ತ ನಿಂತ ವರ್ಷಗಳು

ಅಡಿಕೆ ಬೆಳೆಗಾರರ ಸಂಘದ ಸ್ಟೋರಿನಲ್ಲಿ ನಾನು ಅರ್ಧ ಆಯುಷ್ಯ ಕಳೆದೆ. ಸಾಗರದಲ್ಲಿ ಶುರು, ನಡುವೆ ಹೊಸನಗರ, ತೀರ್ಥಹಳ್ಳಿ ಶಾಖೆಗಳಿಗೆ ಓಡಾಟ, ಮತ್ತೆ ಸಾಗರದಲ್ಲೇ ಮುಕ್ತಾಯ. ಅಷ್ಟೂ ಕಾಲ ಕೌಂಟರಿನ ಹಿಂದೆ ನಿಂತು ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಯಾವುದೆಂದರೆ 'ಇಲ್ಲ'. ತುತ್ತ ಬಂತಾ? ಇಲ್ಲ. ಔಷಧಿ ಹೊಡೆಯುವ ಪಂಪಿನ ವಾಷರ್ ಬಂತಾ? ಇಲ್ಲ. ಮುಂದಿನ ವಾರ ಬರ್ತದಾ? ಅದೂ ಗೊತ್ತಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವವರು ನನ್ನ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದೆಲ್ಲ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಅರವತ್ತರ ದಶಕದಲ್ಲಿ ನಾನು ಮಾಡಿದ ಒಂದು ತಪ್ಪು, ಬರೆದ ಮೂರು ಅರ್ಜಿ, ಇವುಗಳ ವಿಷಯ ಹೇಳುತ್ತೇನೆ. ಅದರಿಂದ ಒಬ್ಬ ಮನುಷ್ಯನ ತೋಟ ಹೋಗುವುದರಲ್ಲಿತ್ತು.

ಮೊದಲು ತುತ್ತದ ವಿಷಯ ಹೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಅದಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿ ಗೊನೆಗೆ ಹೊಡೆಯುತ್ತಾರೆ. ಮಳೆ ಹಿಡಿಯುವ ಮೊದಲು ಒಂದು ಸುತ್ತು, ನಡುವೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸುತ್ತು. ಆ ಎರಡು ಸುತ್ತು ತಪ್ಪಿದರೆ ಎಳೆಕಾಯಿ ಮರದ ಬುಡದಲ್ಲಿ ಹಾಸಿಗೆಯಾಗಿ ಬಿದ್ದಿರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ತುತ್ತ ಪರದೇಶದಿಂದ ಬರುತ್ತಿತ್ತು. ತಗಡಿನ ಡ್ರಮ್ಮು, ಮುಚ್ಚಳ ತೆಗೆದರೆ ನವಿಲಿನ ಕತ್ತಿನ ಬಣ್ಣದ ಹರಳು. ಪ್ರತಿ ವರ್ಷವೂ ಅದೇ ಬಣ್ಣ, ಅದೇ ಗುಣ. ಒಂದು ಪೀಪಾಯಿ ನೀರಿಗೆ ಇಷ್ಟು ತುತ್ತ, ಎರಡು ಸೇರು ಚಿಪ್ಪಿನ ಸುಣ್ಣ. ಸೇರು ಹೋಗಿ ಕಿಲೋ ಬಂದರೂ ಜನರ ಬಾಯಲ್ಲಿ ಆ ಎರಡು ಸೇರು ಹಾಗೇ ಉಳಿದಿತ್ತು.

ಇನ್ನು ಅರ್ಜಿಯ ವಿಷಯ. ನನ್ನ ಅಜ್ಜ ಶ್ಯಾನುಭೋಗರಾಗಿದ್ದವರು. ಅರ್ಜಿಯನ್ನು ಹೇಗೆ ಬಗ್ಗಿ ಶುರು ಮಾಡಬೇಕು, ಎಲ್ಲಿ ನೆಟ್ಟಗಾಗಬೇಕು, ಎಲ್ಲಿ ಕಣ್ಣೀರು ಹಾಕಬೇಕು ಎನ್ನುವುದನ್ನು ಅವರ ಪಕ್ಕ ಕೂತು ಕಲಿತಿದ್ದೆ. ಈ ವಿದ್ಯೆ ಗೊತ್ತಾದ ದಿನದಿಂದ ಸಂಘದ ಅಧ್ಯಕ್ಷರು ನನ್ನನ್ನು ಬಿಡಲಿಲ್ಲ. ಅಧ್ಯಕ್ಷರೆಂದರೆ ಸಾಗರದ ಹತ್ತಿರದ ದೊಡ್ಡ ತೋಟದ ಹೆಗಡೆಯವರು. ಒಳ್ಳೆಯ ಮನುಷ್ಯ. ಆದರೆ ತಮಗೆ ತೋಚಿದ್ದು ದೇಶಕ್ಕೇ ತೋಚಿರಬೇಕು ಎಂದು ನಂಬಿದವರು.

ಒಂದು ದಿನ ಅವರು ಸ್ಟೋರಿಗೆ ಬಂದು ನನ್ನ ಸ್ಟೂಲಿನಲ್ಲೇ ಕೂತರು. "ಸ್ಟೋರಯ್ಯ, ಒಂದು ಅರ್ಜಿ ಬರಿ ಮಾರಾಯ. ಹಡಗಿನಲ್ಲಿ ಸಿಂಗಾಪುರದ ಅಡಿಕೆ ಬಂದು ಬೀಳ್ತಾ ಇದ್ದು. ನಮ್ಮ ಮಾಲು ಕೇಳವ್ರಿಲ್ಲೆ. ಅದನ್ನ ಪೂರ್ತಿ ಬಂದ್ ಮಾಡಿ ಅಂತ ಬರಿ."

ಊರಿನವರಿಗೆಲ್ಲ ನಾನು ಸ್ಟೋರಯ್ಯ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಬರೆದೆ. ಅಜ್ಜನ ವಿದ್ಯೆಯನ್ನೆಲ್ಲ ಸುರಿದು ಬರೆದೆ. "ಎಳೆಯ ಸಸಿಗೆ ಬೇಲಿ ಹೇಗೆ ಅವಶ್ಯಕವೋ ಸ್ವದೇಶದ ಬೆಳೆಗಾರನಿಗೆ ರಕ್ಷಣೆಯೂ ಹಾಗೆಯೇ ಅವಶ್ಯಕ. ಪರದೇಶದ ಮಾಲಿನೊಡನೆ ಸೆಣಸುವ ಶಕ್ತಿ ಬರುವವರೆಗೆ ಬೇಲಿಯನ್ನು ದಯಪಾಲಿಸಬೇಕು" ಎಂಬ ಸಾಲು ಬರೆದು ನಾನೇ ಎರಡು ಸಲ ಓದಿಕೊಂಡು ಖುಷಿಪಟ್ಟೆ. ಅರ್ಜಿ ಬೆಂಗಳೂರಿಗೆ ಹೋಯಿತು, ಅಲ್ಲಿಂದ ದೆಹಲಿಗೆ ಹೋಯಿತಂತೆ. ನಮ್ಮಂಥವರು ದೇಶದ ತುಂಬ ಬರೆದಿದ್ದರು. ಪರದೇಶದ ಅಡಿಕೆಗೆ ಸುಂಕದ ಮೇಲೆ ಸುಂಕ, ಲೈಸೆನ್ಸಿನ ಮೇಲೆ ಲೈಸೆನ್ಸು ಬಿದ್ದು ಅದು ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಸಂಘದಲ್ಲಿ ಕೇಸರಿಬಾತು ಹಂಚಿದರು. ನನಗೆ ಎರಡು ತಟ್ಟೆ.

ಅದಾಗಿ ಹೆಚ್ಚು ಕಾಲ ಆಗಿರಲಿಲ್ಲ. ಪರದೇಶದ ತುತ್ತವೂ ನಿಂತಿತು. ದೇಶದಲ್ಲೇ ತುತ್ತ ಮಾಡುವ ಕಾರ್ಖಾನೆ ಬಂದಿದೆ, ಅದನ್ನು ಉಳಿಸಬೇಕು, ಹೊರಗಿನ ಮಾಲಿಗೆ ಪರ್ಮಿಟ್ ಇಲ್ಲ ಎಂದು ಹೇಳಿಕೆ ಬಂತು. ಹೊಸ ತುತ್ತ ಡ್ರಮ್ಮಿನಲ್ಲಿ ಬರಲಿಲ್ಲ, ಗೋಣಿಚೀಲದಲ್ಲಿ ಬಂತು. ಬರಬೇಕಾದ ತಿಂಗಳಿನಲ್ಲಿಯೂ ಬರಲಿಲ್ಲ, ಮಳೆ ಬಾಗಿಲಿಗೆ ಬಂದ ಮೇಲೆ ಬಂತು. ಚೀಲ ಬಿಚ್ಚಿದರೆ ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಪಾಚಿಬಣ್ಣ, ಮೂರನೆಯದು ತೇವ ಹಿಡಿದು ಬೆಲ್ಲದ ಅಚ್ಚಿನ ಹಾಗೆ ಗಟ್ಟಿ. ಮೂಸಿದರೆ ಹುಳಿವಾಸನೆ.

ಕಾರ್ಖಾನೆಯ ಏಜೆಂಟರು ಟೆರಿಲಿನ್ ಶರ್ಟು ಹಾಕಿಕೊಂಡು ಬಂದಿದ್ದರು. ಇದೇನು ಸ್ವಾಮಿ ಹೀಗಿದೆ ಎಂದು ಕೇಳಿದೆ.

"ಬೇಡ ಅಂದ್ರೆ ಬಿಡಿ. ತೀರ್ಥಹಳ್ಳಿಯವರು ಕಾಯ್ತಾ ಇದಾರೆ."

"ಬೇಡ ಅಂತಲ್ಲ. ಚೆನ್ನಾಗಿರೋದು ಕೊಡಿ ಅಂತ."

"ಇದು ಬಿಟ್ಟರೆ ಬೇರೆ ಎಲ್ಲಿ ಸಿಗತ್ತೆ, ನೀವೇ ಹೇಳಿ ನೋಡೋಣ?" ಎಂದು ನಕ್ಕರು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ನಿಜವಾಗಿಯೂ ತಮಾಷೆ ಅನ್ನಿಸಿತ್ತು ಅವರಿಗೆ. ಆ ನಗುವೇ ನನ್ನ ಮೈ ಉರಿಸಿದ್ದು.

ಆದರೂ ಏಜೆಂಟರನ್ನು ಬೈದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಮೇಲಿನ ಆಫೀಸಿನಿಂದ ಒಂದು ಸುತ್ತೋಲೆ ಬಂದಿತ್ತು. "ಸ್ವದೇಶಿ ತುತ್ತವು ಗುಣದಲ್ಲಿ ಸಮಾನವಾಗಿದ್ದು ಅಳತೆಯಲ್ಲಿ ಬದಲಾವಣೆ ಅಗತ್ಯವಿಲ್ಲ." ನಾನು ಅದನ್ನು ಬಂದವರಿಗೆಲ್ಲ ಓದಿ ಹೇಳಿದೆ. ಹೊಸನಗರ ಶಾಖೆಗೆ ಹೋದ ವಾರ ಅಲ್ಲಿಯೂ ಓದಿ ಹೇಳಿದೆ. ಚೀಲದೊಳಗಿನ ಹುಳಿವಾಸನೆ ನನ್ನ ಮೂಗಿಗೆ ಬಡಿದಿತ್ತು, ಆದರೆ ಕಾಗದದಲ್ಲಿ ಸಮಾನ ಎಂದಿತ್ತಲ್ಲ. ನಾನು ಕಾಗದವನ್ನು ನಂಬಿದೆ.

ತಿಮ್ಮಪ್ಪ ನನ್ನನ್ನು ನಂಬಿದ.

ತಿಮ್ಮಪ್ಪನದು ಮೊದಲು ಶರಾವತಿ ಕಡೆಯ ಊರು. ಹಿನ್ನೀರು ಏರಿದಾಗ ಗದ್ದೆ, ಮನೆ ಎಲ್ಲ ನೀರಿನಡಿ ಹೋಗಿ, ಹೊಸನಗರದಾಚೆ ನಗರ ಎಂಬ ಊರಿನ ಹತ್ತಿರ ಒಬ್ಬರ ಸಣ್ಣ ತೋಟವನ್ನು ಗೇಣಿಗೆ ಹಿಡಿದಿದ್ದ. ಗದ್ದೆ ಬೇಸಾಯದವನು, ಅಡಿಕೆ ಅವನಿಗೆ ಹೊಸತು. ತೋಟದ ಒಡೆಯರು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಎರಡು ಫಸಲು ನೋಡುತ್ತೇನೆ, ತೋಟ ಚೆನ್ನಾಗಿ ಇಟ್ಟುಕೊಂಡರೆ ನಿನಗೇ, ಇಲ್ಲವಾದರೆ ಬೇರೆಯವರಿಗೆ. ಅದಕ್ಕೇ ಅವನು ಔಷಧಿಯ ವಿಷಯವನ್ನು ನನ್ನಿಂದ ಮೂರು ಮೂರು ಸಲ ಕೇಳಿಕೊಂಡು ಹೋಗಿದ್ದ.

"ಎರಡು ಸೇರು ಸುಣ್ಣ ಅಲ್ದಾ ಸ್ಟೋರಯ್ಯ?"

"ಎರಡೇ ಸೇರು. ಏನೂ ಬದಲಿಲ್ಲ."

ಮಳೆಗಾಲದ ನಡುವೆ ಅವನು ಸಾಗರದ ತನಕ ಬಂದ. ಹೆಗಲಿನ ಟವೆಲನ್ನು ಗಂಟು ಕಟ್ಟಿಕೊಂಡಿದ್ದ. ಕೌಂಟರಿನ ಮುಂದೆ ನಿಂತು ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದ. ಎಳೆಯ ಅಡಿಕೆಕಾಯಿ. ಕೊಳೆ ಬಂದ ಕಾಯಿಯ ಹಾಗೆ ಬೂಸಲು ಇಲ್ಲ. ಬೆಂಕಿ ತಾಗಿಸಿದ ಹಾಗೆ ಸಿಪ್ಪೆ ಕಂದು ಹಿಡಿದು ಸುಟ್ಟಿತ್ತು.

"ಔಷಧಿ ಹೊಡ್ದಿದ್ದಾ, ಬೆಂಕಿ ಹಾಕಿದ್ದಾ, ನೀವೇ ನೋಡಿ ಹೇಳಿ."

"ಸುಣ್ಣ ಸರಿಯಾಗಿ ಹಾಕಿದ್ಯಾ ತಿಮ್ಮಪ್ಪ?"

"ನೀವು ಹೇಳಿದಷ್ಟು ಹಾಕಿದೆ. ನಂಗೆ ಗೊತ್ತಿದ್ದು ಅಂತ ಒಂದು ಚೂರೂ ಹೆಚ್ಚುಕಮ್ಮಿ ಮಾಡ್ಲಿಲ್ಲ. ನಂಗೇನು ಗೊತ್ತದೆ ಹೇಳಿ, ನಾನು ಭತ್ತದವ."

ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಒಂದು ಫಸಲು ಹೋಯ್ತು ಸ್ಟೋರಯ್ಯ. ಇನ್ನೊಂದೇ ಉಳಿದಿದ್ದು" ಎಂದು ಹೇಳಿ ಬಸ್ಸಿಗೆ ಹೋದ. ಬೈದಿದ್ದರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿತ್ತು.

ಆ ವರ್ಷ ತಿಮ್ಮಪ್ಪನೊಬ್ಬನದೇ ಅಲ್ಲ, ಬಹಳ ಜನರ ಕಾಯಿ ಸುಟ್ಟಿತು. ಅಧ್ಯಕ್ಷರ ತೋಟದಲ್ಲೂ ಒಂದು ಪಾಲು ಹೋಯಿತು. ಹಳಬರು ಕೆಲವರು ಔಷಧಿಯೇ ಬೇಡ, ಮಳೆ ತಾಗದಂತೆ ಹುಲ್ಲಿನ ಕೊಟ್ಟೆ ಹೆಣೆದು ಗೊನೆಗೆ ಕಟ್ಟುತ್ತೇವೆ ಎಂದು ಅಜ್ಜಂದಿರ ಕಾಲಕ್ಕೆ ಹೋದರು. ಅಧ್ಯಕ್ಷರು ಮತ್ತೆ ನನ್ನ ಸ್ಟೂಲಿಗೆ ಬಂದರು.

"ಬರಿ ಮಾರಾಯ. ಪರದೇಶದ ತುತ್ತ ಬಿಡಿ ಅಂತ ಬರಿ. ಒಳ್ಳೇ ಮಾಲು ಎಲ್ಲಿಂದ ಬಂದ್ರೆಂತ? ರೈತನಿಗೆ ಬೇಕಾದ್ದು ಕೊಳ್ಳುವ ಸ್ವಾತಂತ್ರ್ಯ ಬೇಡ್ದಾ?"

"ಹೆಗಡೇರೆ, ಹೋದ ಸಲ ನಾವು..."

"ಹೋದ ಸಲದ್ದು ಅಡಿಕೆ. ಇದು ತುತ್ತ. ಎರಡಕ್ಕೂ ಎಂತ ಸಂಬಂಧ?"

ಬರೆದೆ. ಇದನ್ನೂ ಚೆನ್ನಾಗಿಯೇ ಬರೆದೆ. ನಾಚಿಕೆಯಾಗಬೇಕು ನನಗೆ.

ಕೆಲವು ತಿಂಗಳ ಮೇಲೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದು ಸಾಗರದ ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡರು. ತಗ್ಗಿದ ದನಿಯ, ತೆಳ್ಳಗಿನ ಮನುಷ್ಯ. ಅಧ್ಯಕ್ಷರ ಹಿಂದೆ ಫೈಲು ಹಿಡಿದು ನಾನೂ ಹೋದೆ. ಅಧ್ಯಕ್ಷರು ಸುಟ್ಟ ಕಾಯಿಯ ವರ್ಣನೆ ಮಾಡಿದರು. ಅಧಿಕಾರಿ ಪೂರ್ತಿ ಕೇಳಿಸಿಕೊಂಡು ತಮ್ಮ ಫೈಲಿನಿಂದ ಒಂದು ಹಾಳೆ ತೆಗೆದು ಓದಿದರು.

"'ಎಳೆಯ ಸಸಿಗೆ ಬೇಲಿ ಹೇಗೆ ಅವಶ್ಯಕವೋ...' ಚೆನ್ನಾಗಿದೆ ಇದು. ಯಾರು ಬರೆದದ್ದು?"

ಅಧ್ಯಕ್ಷರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. ನಾನು ನೆಲ ನೋಡಿದೆ.

"ತುತ್ತದ ಕಾರ್ಖಾನೆಯವರ ಅರ್ಜಿಯೂ ನನ್ನ ಹತ್ತಿರ ಇದೆ" ಎಂದರು ಅಧಿಕಾರಿ. "ಅವರೂ ಇದನ್ನೇ ಬರೆದಿದ್ದಾರೆ. ನಾವು ಇನ್ನೂ ಎಳೆಯರು, ಪರದೇಶದವರ ಎದುರು ನಿಲ್ಲಲಾರೆವು, ರಕ್ಷಣೆ ಕೊಡಿ ಅಂತ. ಅವರ ಭಾಷೆ ಇಷ್ಟು ಚೆನ್ನಾಗಿಲ್ಲ ಅಷ್ಟೆ. ನಿಮಗೆ ಬೇಲಿ ಕೊಟ್ಟು ಅವರಿಗೆ ಹೇಗೆ ಇಲ್ಲ ಅನ್ನಲಿ?"

"ಅದು ಅಡಿಕೆ ಸ್ವಾಮಿ!" ಎಂದರು ಅಧ್ಯಕ್ಷರು, ಅದರಲ್ಲೇ ಉತ್ತರವೆಲ್ಲ ಇದೆ ಎನ್ನುವ ಹಾಗೆ.

"ಹೌದು, ಅದು ಅಡಿಕೆ. ಒಂದು ಮಾತು ಕೇಳ್ತೀನಿ. ಬೇಲಿ ಹಾಕಿ ಅಂತ ಇಬ್ಬರೂ ಬರೆದಿದ್ದೀರಿ. ಯಾವಾಗ ತೆಗೆಯೋದು ಅಂತ ಇಬ್ಬರೂ ಬರೆದಿಲ್ಲ. ಸಸಿ ಮರ ಆಯ್ತು ಅಂತ ನಮಗೆ ಯಾರು ಹೇಳ್ತಾರೆ?"

ನಾವು ಕಾಫಿ ಕುಡಿದು ಎದ್ದು ಬಂದೆವು. ದಾರಿಯಲ್ಲಿ ಅಧ್ಯಕ್ಷರು, "ಆಸಾಮಿಗೆ ತೋಟದ ಗಂಧಗಾಳಿ ಇಲ್ಲ" ಎಂದರು. ಆದರೆ ಅಧಿಕಾರಿಯ ಪ್ರಶ್ನೆ ನನ್ನ ಅರ್ಜಿಗೇ ಬಿದ್ದಿತ್ತು.

ಅದರ ಹಿಂದೆಯೇ ಮಂಡಿಯಲ್ಲಿ ಒಂದು ರಗಳೆಯಾಯಿತು. ವರ್ಷವೂ ನಮ್ಮಿಂದ ಅಡಿಕೆ ಕೊಂಡು ಉತ್ತರಕ್ಕೆ ಕಳಿಸುವ ಸೇಠ್ ಒಬ್ಬರು ಒಂದು ಮೂಟೆಯನ್ನು ಹೊರಿಸಿಕೊಂಡು ಬಂದು ಅಧ್ಯಕ್ಷರ ಎದುರೇ ನೆಲಕ್ಕೆ ಕವುಚಿದರು. ಮೇಲಿನ ಒಂದು ಪದರ ಒಳ್ಳೆಯದು. ಕೆಳಗೆಲ್ಲ ಗೊರಬಲೆನ್ನುವ ಕೀಳು ದರ್ಜೆಯ ಅಡಿಕೆ, ಸೀಳು, ಸರಿಯಾಗಿ ಒಣಗದೆ ಬೂಸಲು ಹಿಡಿದದ್ದು.

"ಮೊದಲು ನೀವು ಹೀಗೆ ಕೊಟ್ಟರೆ ನಾನು ಸಿಂಗಾಪುರದ್ದು ತಗೊಳ್ತಿದ್ದೆ. ಅದಕ್ಕೇ ನೀವು ಹೀಗೆ ಕೊಡ್ತಾ ಇರಲಿಲ್ಲ. ಈಗ ಎಲ್ಲಿ ಹೋಗಲಿ ಹೆಗಡೆ ಸಾಬ್? ನೀವೇ ಹೇಳಿ, ಎಲ್ಲಿ ಹೋಗಲಿ?"

ಅಧ್ಯಕ್ಷರು ನಕ್ಕುಬಿಟ್ಟರು. ಅದೇ ನಗು. ಟೆರಿಲಿನ್ ಶರ್ಟಿನ ನಗು. ನಮ್ಮಲ್ಲಿ ಕಷ್ಟಪಟ್ಟು ಆರಿಸಿ ಒಳ್ಳೆಯ ಮಾಲು ತರುವವರೂ ಇದ್ದರು. ಆದರೆ ಬೆರೆಸಿದವನಿಗೂ ಆರಿಸಿದವನಿಗೂ ಒಂದೇ ದರ ಸಿಕ್ಕುವಾಗ ಆರಿಸುವವನಿಗೆ ಏನು ದರ್ದು? ಎರಡು ಮೂರು ವರ್ಷದಲ್ಲೇ ನಮ್ಮವರ ಆರಿಸುವ ಕೈ ಕೆಟ್ಟಿತ್ತು.

ಮುಂದಿನ ಮಳೆಗಾಲ ಬರುವುದರಲ್ಲಿತ್ತು. ಸ್ವದೇಶಿ ತುತ್ತದ ಹಳೆಯ ಚೀಲಗಳು ಸ್ಟೋರಿನಲ್ಲಿ ಇದ್ದವು, ಮುಟ್ಟುವುದಕ್ಕೆ ಜನ ಹೆದರುತ್ತಿದ್ದರು. ಅಷ್ಟರಲ್ಲಿ ತೀರ್ಥಹಳ್ಳಿ ಶಾಖೆಯ ಗೋದಾಮನ್ನು ಗುಡಿಸಿ ಸಾರಿಸುವಾಗ ಹರಕು ಗೋಣಿಯ ರಾಶಿಯ ಹಿಂದೆ ಒಂದು ಪರದೇಶದ ಡ್ರಮ್ಮು ಸಿಕ್ಕಿತು. ಮೊಹರು ಒಡೆದಿರಲಿಲ್ಲ. ಲಾರಿಯಲ್ಲಿ ಸಾಗರಕ್ಕೆ ತರಿಸಿಕೊಂಡೆ. ಡ್ರಮ್ಮು ಇಳಿಯುವ ಮೊದಲೇ ಅಧ್ಯಕ್ಷರ ಚೀಟಿ ಬಂದಿತ್ತು: ತಮಗೆ ಇಡತಕ್ಕದ್ದು.

ನಾನು ಚೀಟಿಯನ್ನು ಜೇಬಿಗೆ ಹಾಕಿಕೊಂಡು ತಿಮ್ಮಪ್ಪನಿಗೆ ಬಸ್ಸಿನ ಕಂಡಕ್ಟರ್ ಮೂಲಕ ಹೇಳಿ ಕಳಿಸಿದೆ. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ತಲೆ ಕೆಟ್ಟಿತ್ತು. ಎರಡನೇ ಫಸಲೂ ಸುಟ್ಟರೆ ಅವನ ತೋಟ ಹೋಗುತ್ತದೆ, ಹೆಗಡೆಯವರದು ಎಲ್ಲಿಯೂ ಹೋಗುವುದಿಲ್ಲ. ನನಗೆ ತಿಳಿದ ನ್ಯಾಯ ಅಷ್ಟೆ.

ತಿಮ್ಮಪ್ಪ ಮರುದಿನವೇ ಬಂದ. ಅವನ ಎದುರಿಗೇ ಡ್ರಮ್ಮಿನ ಮುಚ್ಚಳ ತೆಗೆದೆ. ನೀಲಿ ಹರಳಿನ ಮೇಲೆ ಮಡಿಸಿದ ಒಂದು ಕಾಗದ. ಪ್ರತಿ ಡ್ರಮ್ಮಿನಲ್ಲೂ ಅಂಥದೊಂದು ಇರುತ್ತಿತ್ತು, ನಾವು ಅದನ್ನು ಓದದೆ ಪೊಟ್ಟಣ ಕಟ್ಟಲು ಉಪಯೋಗಿಸುತ್ತಿದ್ದೆವು.

"ಎಂತ ಬರ್ದದೆ ಅದ್ರಲ್ಲಿ?" ಎಂದ ತಿಮ್ಮಪ್ಪ.

ನನ್ನ ಅರೆಬರೆ ಇಂಗ್ಲಿಷಿನಲ್ಲಿ ಓದಿದೆ. ತುತ್ತದಿಂದ ತುತ್ತಕ್ಕೆ, ಸುಣ್ಣದಿಂದ ಸುಣ್ಣಕ್ಕೆ ಗುಣ ಬೇರೆ. ಅಳತೆಯನ್ನು ನೆಚ್ಚಬೇಡಿ. ಬೆರೆಸಿದ ಮೇಲೆ ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಅಲಗನ್ನು ಅದ್ದಿ ಸ್ವಲ್ಪ ಹೊತ್ತು ಇಟ್ಟು ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಬಂದರೆ ಸುಣ್ಣ ಸಾಲದು, ಹೊಡೆದರೆ ಕಾಯಿ ಸುಡುತ್ತದೆ. ಕೆಂಪು ನಿಲ್ಲುವವರೆಗೆ ಸುಣ್ಣ ಹಾಕಿ.

ಓದಿ ಮುಗಿಸಿ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಈ ಪರೀಕ್ಷೆ ಹಳಬರಿಗೆ ಗೊತ್ತಿತ್ತು. ಅಜ್ಜಂದಿರು ಕತ್ತಿ ಅದ್ದುವುದನ್ನು ನಾನೇ ನೋಡಿದ್ದೆ. ಡ್ರಮ್ಮಿನ ತುತ್ತ ಯಾವತ್ತೂ ಕೈಕೊಡಲಿಲ್ಲವೆಂದು ನಾವು ಕತ್ತಿ ಬಿಟ್ಟು 'ಎರಡು ಸೇರು' ಹಿಡಿದುಕೊಂಡಿದ್ದೆವು. ಕಾರ್ಖಾನೆಯವರಿಗೆ ಹೇಳಬೇಕೆಂಬ ಗರಜಿರಲಿಲ್ಲ, ಮೇಲಿನವರಿಗೆ ನೋಡಬೇಕೆಂಬ ಗರಜಿರಲಿಲ್ಲ. ನನಗೆ? ಒಂದು ಬೋಗುಣಿ ನೀರು, ಒಂದು ಕತ್ತಿ ಸಾಕಿತ್ತು. ಒಬ್ಬ ಭತ್ತದವನ ಒಂದು ಫಸಲು ಉಳಿಯುತ್ತಿತ್ತು.

ತಿಮ್ಮಪ್ಪ ಡ್ರಮ್ಮಿನೊಳಗೆ ಕೈಯಾಡಿಸಿ ಕೇಳಿದ, "ಇದು ನನ್ನ ತೋಟಕ್ಕೆ ಎಷ್ಟು ಸುತ್ತು ಆಗ್ತದೆ?"

"ಒಂದು ಸುತ್ತು."

"ಎರಡನೇ ಸುತ್ತಿಗೆ?"

ನಾನು ಗೋಣಿಚೀಲದ ಕಡೆ ನೋಡಿದೆ.

"ಬರೋ ವರ್ಷಕ್ಕೆ?"

ಮತ್ತೆ ಗೋಣಿಚೀಲದ ಕಡೆಯೇ ನೋಡಿದೆ.

"ಹಂಗಾದ್ರೆ ಕಾಗದ ಕೊಡಿ ನಂಗೆ. ಡ್ರಮ್ಮು ಹೆಗಡೇರೇ ತಗಳ್ಳಿ" ಎಂದ. ಸೊಂಟದ ಕತ್ತಿಯನ್ನು ತೆಗೆದು ಅಂಗಳದ ಕಲ್ಲಿಗೆ ತಿಕ್ಕತೊಡಗಿದ. "ನೋಡ್ತಾ ಕೂತ್ಕಬೇಡಿ ಸ್ಟೋರಯ್ಯ, ನೀರು ತನ್ನಿ."

ಸ್ಟೋರಿನ ಹಿಂದೆ ಎರಡು ಮಡಕೆಯಲ್ಲಿ ಸ್ವದೇಶಿ ತುತ್ತವನ್ನೂ ಸುಣ್ಣವನ್ನೂ ಕದಡಿದೆವು. ಪೀಪಾಯಿಗೆ ಎರಡು ಸೇರಿನ ಲೆಕ್ಕದಲ್ಲಿ ಬೆರೆಸಿ ಕತ್ತಿ ಅದ್ದಿದ. ತೆಗೆದಾಗ ಅಲಗಿನ ಉದ್ದಕ್ಕೂ ಹೊಸ ತಾಮ್ರದ ಚೊಂಬಿನ ಕೆಂಪು. ತಿಮ್ಮಪ್ಪ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. "ಓಹೋ" ಎಂದ, "ಇದೇ ಅಲ್ದಾ ನನ್ನ ಕಾಯಿ ತಿಂದಿದ್ದು." ತಿಕ್ಕಿದ, ಸುಣ್ಣ ಹಾಕಿದ, ಅದ್ದಿದ. ಮತ್ತೆ ತಿಕ್ಕಿದ. ಮೂರನೇ ಸೇರಿನ ಲೆಕ್ಕ ಮುಗಿಯುವಾಗ ಕತ್ತಿ ಬೆಳ್ಳಗೆ ಹೊರಗೆ ಬಂತು. ಇನ್ನೊಂದು ಚೀಲದ ತುತ್ತಕ್ಕೆ ಅಷ್ಟು ಬೇಕಾಗಲಿಲ್ಲ. ಮತ್ತೊಂದಕ್ಕೆ ಮೂರೂ ಸಾಲಲಿಲ್ಲ. ಒಂದೇ ಕಾರ್ಖಾನೆಯ ಮಾಲು, ಚೀಲಕ್ಕೊಂದು ಗುಣ!

ಆ ಮಳೆಗಾಲ ತಿಮ್ಮಪ್ಪ ಪ್ರತಿ ಪೀಪಾಯಿಗೂ ಕತ್ತಿ ಅದ್ದಿಯೇ ಔಷಧಿ ಹೊಡೆಸಿದ. ನಾನು ಎರಡು ಸಲ ಹೋಗಿ ಬಂದೆ, ಗೊನೆ ನೋಡಿ ಬಂದೆ. ಕೊಯ್ಲಿನ ಹೊತ್ತಿಗೆ ಒಡೆಯರು ತೋಟದೊಳಗೆ ಒಂದು ಸುತ್ತು ಬಂದು, "ಮುಂದುವರ್ಸು" ಎಂದು ಒಂದೇ ಮಾತು ಹೇಳಿ ಹೋದರಂತೆ. ಅದನ್ನು ಹೇಳುವುದಕ್ಕೆ ತಿಮ್ಮಪ್ಪ ಸಾಗರಕ್ಕೆ ಬಂದಾಗ ಮತ್ತೆ ಟವೆಲು ಬಿಚ್ಚಿ ಮೇಜಿನ ಮೇಲೆ ಸುರಿದ. ಗಟ್ಟಿಯಾದ, ಒಂದೇ ಸಮನಾದ, ಆರಿಸಿ ತಂದ ಅಡಿಕೆ. "ಬೆರೆಸಿದ್ದಲ್ಲ, ಕೆದಕಿ ನೋಡಿ" ಎಂದ. ಸೇಠ್ ಕವುಚಿದ ಮೂಟೆಯ ಸುದ್ದಿ ನಗರದ ತನಕ ಹೋಗಿತ್ತು.

ಅಧ್ಯಕ್ಷರ ತೋಟದಲ್ಲೂ ಡ್ರಮ್ಮಿನ ತುತ್ತ ಹೊಡೆದ ಪಾಲು ಆ ವರ್ಷ ಚೆನ್ನಾಗಿತ್ತು, ಡ್ರಮ್ಮು ಅವರ ಮನೆ ಸೇರಿತ್ತಲ್ಲ. ಮಹಾಸಭೆಯಲ್ಲಿ ಅವರು ಪರದೇಶದ ತುತ್ತವನ್ನು ಹಾಡಿ ಹೊಗಳಿದರು. ಮುಂದಿನ ವಿಷಯ, ಪರದೇಶದ ಅಡಿಕೆಯ ಮೇಲಿನ ತಡೆಯನ್ನು ಮುಂದುವರಿಸಲು ಮನವಿ. "ಸ್ಟೋರಯ್ಯ, ಬರಿ" ಎಂದರು. ಬರೆದೆ. ಕೊನೆಯಲ್ಲಿ, ಬೇಲಿಗೆ ಒಂದು ಅವಧಿ ಗೊತ್ತುಮಾಡಿ, ಅಷ್ಟರೊಳಗೆ ನಮ್ಮ ಮಾಲನ್ನು ಸುಧಾರಿಸಿಕೊಳ್ಳುತ್ತೇವೆ ಎಂದು ನನ್ನದೇ ಒಂದು ಸಾಲು ಸೇರಿಸಿದೆ. ಅವರು ಓದಿ, ಪೆನ್ನು ತೆಗೆದು, ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ಕಾರ್ಖಾನೆಯವರೂ ಆ ವರ್ಷ ತಮ್ಮ ಅರ್ಜಿ ಕಳಿಸಿರಬೇಕು. ಅದರಲ್ಲಿಯೂ ಯಾರಾದರೊಬ್ಬ ಗುಮಾಸ್ತ ಅಂಥ ಸಾಲು ಸೇರಿಸಿ ಹೊಡೆಸಿಕೊಂಡಿದ್ದನೋ ಏನೋ.

ತಿಮ್ಮಪ್ಪ ತನ್ನ ಕತ್ತಿಯನ್ನು ನನ್ನ ಹತ್ತಿರವೇ ಬಿಟ್ಟು ಹೋದ. ನಾನು ಅದನ್ನು ಹುರಿಯಿಂದ ಕೌಂಟರಿನ ಕಾಲಿಗೆ ಕಟ್ಟಿದೆ, ಪಕ್ಕದಲ್ಲಿ ಒಂದು ಬೋಗುಣಿ ಇಟ್ಟೆ. ತುತ್ತ ಕೊಳ್ಳುವವರು ಚೀಲಕ್ಕೆ ಸಹಿ ಹಾಕುವ ಮೊದಲು ಕೈಯಳತೆಯ ಸುಣ್ಣ ಬೆರೆಸಿ, ಅದ್ದಿ ನೋಡಿ ಒಯ್ಯುತ್ತಿದ್ದರು. ಟೆರಿಲಿನ್ ಶರ್ಟಿನವರು ಮುಂದಿನ ಸಲ ಬಂದಾಗ ಇದೇನು ಎಂದು ಕೇಳಿದರು. ಅದ್ದಿ ತೋರಿಸಿದೆ. ಅವರು ನಗಲಿಲ್ಲ.

ನಾನು ನಿವೃತ್ತನಾಗುವ ಹೊತ್ತಿಗೆ ಕೌಂಟರಿಗೆ ಸನ್ಮೈಕ ಹೊಡೆಸಿದರು, ಕತ್ತಿ ನೋಡಲು ಚೆನ್ನಾಗಿಲ್ಲವೆಂದು ಬಿಚ್ಚಿ ಒಳಗೆ ಇಟ್ಟರು. ಗೋದಾಮಿನಲ್ಲಿ ಎಡಗಡೆ, ಮೂರನೇ ಕಪಾಟಿನ ಮೇಲೆ ಇರಬೇಕು. ತುಕ್ಕು ಹಿಡಿದಿದ್ದರೆ ಅಂಗಳದ ಕಲ್ಲಿಗೆ ನಾಲ್ಕು ಸಲ ತಿಕ್ಕಿ, ಹೊಳಪು ಬರುತ್ತದೆ. ಮೊದಲ ದಿನವೇ ಕಟ್ಟಿಬಿಡಿ.